ಸತ್ತಿಲ್ಲ ಮಾರಾಯ್ತಿ, ಮಲಗಿದೆ

ಅಯ್ಯೋ, ಆ ಕುಂಡ ಬೋರಲು ಹಾಕ್ಬೇಡ ಮಾರಾಯ್ತಿ! ಗಿಡ ಸತ್ತಿಲ್ಲ, ಮಲಗಿದೆ. ಮೇ ಲಿಲ್ಲಿ ಅಲ್ವಾ ಅದು? ಚಳಿ ಬಿದ್ಮೇಲೆ ಎಲೆಯೆಲ್ಲ ಹಳದಿಯಾಗಿ ಉದುರಿ, ನೋಡಿದವರಿಗೆ ಬರೀ ಮಣ್ಣು. ಒಳಗೆ ಗೆಡ್ಡೆ ಗಟ್ಟಿಯಾಗಿ ಕೂತಿರ್ತದೆ. ಬೇಸಿಗೆಯಲ್ಲಿ ಒಂದು ಅಡ್ಡಮಳೆ ಬೀಳ್ಲಿ, ಹೂವಿನ ದಂಟು ಎದ್ದು ಬಂದು ತುದಿಯಲ್ಲಿ ಕೆಂಪು ಚೆಂಡು ಅರಳ್ತದೆ. ಅಲ್ಲೀವರೆಗೆ ನೀರು ಹಾಕ್ಬೇಡ, ಕೊಳೀತದೆ.

ನೀರು ಹಾಕೋದಿದ್ರೆ ಬೇರೆಯದಕ್ಕೆ ಹಾಕು. ಆ ಒಣಗಿದ ಚೆಂಡುಹೂವಿಗೆ ದಿನಾ ಸುರೀತೀಯಲ್ಲ, ಏನು ಸುಖ? ಅದರ ಆಯಸ್ಸೇ ಅಷ್ಟು. ಮಳೆಗಾಲದಲ್ಲಿ ಬೀಜ, ದಸರೆ-ದೀಪಾವಳಿಗೆ ಹೂ, ಬೀಜ ಕಟ್ಟಿತೋ ಗಿಡದ ಕೆಲಸ ಮುಗೀತು. ಬಾಡಿದ ಹೂವನ್ನ ಆಗಾಗ ಕಿತ್ತು ಹಾಕಿದ್ರೆ, ಬೀಜ ಆಗ್ಲಿಲ್ವಲ್ಲ ಅಂತ ಅದು ಮತ್ತೆ ಮೊಗ್ಗು ಬಿಡ್ತಿತ್ತು. ಗಿಡಕ್ಕೆ ಮಾಡೋ ಮೋಸವೇ, ಏನ್ಮಾಡೋದು, ದೇವರ ಫೋಟೋಕ್ಕೆ ದಿನಾ ಹೂ ಬೇಕಲ್ಲ! ಈಗ ಆ ಒಣಹೂವನ್ನ ಬಿಡಿಸಿ ನೋಡು: ಉದ್ದಕ್ಕೆ ಕಪ್ಪು ಬೀಜ, ತುದಿಗೊಂದು ಮಾಸಲು ಜುಟ್ಟು. ಪೇಪರ್ ಪೊಟ್ಟಣದಲ್ಲಿ ಕಟ್ಟಿಡು. ನರ್ಸರಿಯ ಹೈಬ್ರಿಡ್ ಆಗಿದ್ರೆ ಮಾತ್ರ ತಾಯಿಯಂತೆ ಮಗಳು ಬರ್ತಾಳೆ ಅಂತ ನಂಬ್ಬೇಡ.

ಹೂ ಬಿಟ್ಟು, ಬೀಜ ಕಟ್ಟಿ ಮುಗಿಯೋ ಇದೇ ಕೆಲಸಕ್ಕೆ ನೀಲಕುರಿಂಜಿಗೆ 12 ವರ್ಷ ಬೇಕು ನೋಡು. ಚಿಕ್ಕಮಗಳೂರಿನ ಬೆಟ್ಟದಲ್ಲಿ 2022ರಲ್ಲಿ ಬಿಟ್ಟಾಗ ಊರಿಗೆ ಊರೇ ಕಾರು ಹತ್ತಿತ್ತಲ್ಲ. ಒಂದೇ ಸಲ ಹೂ, ಬೀಜ, ಆಮೇಲೆ ಗಿಡವೇ ಇಲ್ಲ.

ಕರ್ಣಕುಂಡಲದ ವಿಷ್ಯದಲ್ಲಿ ನನ್ನ ಬೈಬೇಡ. ಬಲಿತ ಕಾಯಿಗೆ ಬೆರಳು ತಾಗಿದ್ರೆ ಸಾಕು, ಸಿಪ್ಪೆ ಪಟ್ಟಂತ ಸುರುಳಿ ಸುತ್ತಿ ಬೀಜ ನಿಮ್ಮನೆ ಅಂಗಳಕ್ಕೆ ಹಾರ್ತದೆ. ಬೇಲಿ ಹಾಕಿದ್ದು ದನಕ್ಕೆ, ಅದಕ್ಕಲ್ಲ.

ನಿನ್ನ ಸೇವಂತಿಗೆ ಮೊಗ್ಗು ಬಿಡ್ಲಿಲ್ಲ ಅಂತ ಅಳ್ತೀಯಲ್ಲ, ತಪ್ಪು ಗೊಬ್ಬರದ್ದಲ್ಲ, ಗೇಟಿನ ದೀಪದ್ದು. ರಾತ್ರಿಯಿಡೀ ಉರೀತದೆ. ಸೇವಂತಿಗೆಗೆ ಉದ್ದ ಕತ್ತಲೆ ಸಿಗ್ದೆ ಮೊಗ್ಗು ಕಟ್ಟೋಲ್ಲ. ಹಬ್ಬದ ರೇಟು ನೋಡ್ಕೊಂಡು ಹೂವನ್ನ ತಡ ಮಾಡೋಕೆ ಚಿಕ್ಕಬಳ್ಳಾಪುರದ ಕಡೆ ರೈತರು ಹೊಲದಲ್ಲೇ ಬಲ್ಬ್ ಹಚ್ತಾರೆ. ನೀನು ದುಡ್ಡಿಲ್ದೆ ಹಚ್ತಿದ್ದೀಯ.

ಇವತ್ತಿಂದ ಆ ದೀಪ ಆರಿಸಿ ಮಲಗು. ಸೇವಂತಿಗೆ ಹೂ ಮುಗಿದ್ಮೇಲೆ ದಂಟು ಬುಡಕ್ಕೆ ಕತ್ತರಿಸು, ಸುತ್ತ ಮರಿ ಏಳ್ತವೆ. ಹಳದಿಯದು ನನ್ನ ಹತ್ರ ಇದೆ, ಆ ಬಿಳಿಯದರ ಎರಡು ಮರಿ ನಂಗಿಡು.