ಯಾವ ಲೈನ್ರೀ?

ಕಂಪೌಂಡ್ ಗ್ವಾಡಿ ಆಚಿಂದ ಬಾಜೂಮನಿ ಕಾಕಾ ಕೇಳಿದ್ರು: "ನಿಮ್ಮಲ್ಲಿ ಲೈನ್ ಅದ ಏನವ್ವಾ?"

"ಇಲ್ರಿ ಕಾಕಾ, ಹೋಗ್ಯಾದ. ಲೈನ್‌ಮನ್‌ಗ ಫೋನ್ ಹಚ್ಚಿದ್ರ ಅವನ ಲೈನೂ ಸಿಗವಲ್ದು."

ಕರೆಂಟ್ ಇಲ್ಲಂದ್ರ ಕಲಬುರಗಿ ಸೆಕಿಯೊಳಗ ಹರಟಿ ಬಿಟ್ಟು ಬ್ಯಾರೆ ಏನು ಕೆಲಸ ಅದ? ಅವರ ತಮ್ಮನ ಮಗ ಈಗ ಯಾವ ಲೈನ್‌ನಾಗ ಅದಾನ ಅಂತ ಕೇಳ್ದೆ. ಮೊದಲ ದಾಲ್ ಮಿಲ್ ಲೈನ್‌ನಾಗ ಇದ್ದನಂತ, ಈಗ ಮೊಬೈಲ್ ಲೈನ್ ಹಿಡ್ದಾನಂತ. ಕಾಲೇಜಿನಾಗ ಇದ್ದಾಗ ಅಂವ ಹೊಡೀತಿದ್ದ ಲೈನೇ ಬ್ಯಾರೆ. ಅದು ಲಗ್ನದ ತನಕ ಬಂತು, ಇರ್ಲಿ ಬಿಡ್ರಿ. ರೇಷನ್ ಅಂಗಡಿ ಮುಂದ ನಿಲ್ಲೋದಕ್ಕ 'ಪಾಳಿ' ಅಂತ ನಮ್ಮದೇ ಮಾತಿತ್ತು. ಈಗ ಲೈನ್‌ನಾಗ ನಿಲ್ತೀವಿ, ಪಾಳಿ ಯಾವಾಗ ಬರ್ತದಂತ ಕಾಯ್ತೀವಿ.

ಕಾಕಾ ಕಮಲಾಪುರದವ್ರು. ಕೆಂಪು ಬಾಳೆಹಣ್ಣಿಗಿ ಹೆಸರಾದ ಆ ಊರಾಗ ವರ್ಷಾನುಗಟ್ಲೆ ಲೈನ್ ಅಂದ್ರ ಒಂದೇ, ರೈಲಿಂದು. ಬೀದರ್-ಕಲಬುರಗಿ ನಡುವ 110 ಕಿ.ಮೀ. ಮಾರ್ಗ. ಮರಗುತ್ತಿ ಕಡಿ ಗುಡ್ಡ ಕೊರದು ಸುರಂಗ ಮಾಡಬೇಕಾಯ್ತು. ಕಡೀಗಿ 2017ರ ಅಕ್ಟೋಬರ್ 29ಕ್ಕ ಪ್ರಧಾನಿ ನರೇಂದ್ರ ಮೋದಿ ಬೀದರ್‌ನಾಗ ಅದನ್ನ ಉದ್ಘಾಟನೆ ಮಾಡಿದ್ರು. ಅವತ್ತು ಊರಿಂದ ಕಾಕಾನ ಅಣ್ಣ ಫೋನ್ ಮಾಡಿ "ಲೈನ್ ಬಂತವ್ವಾ!" ಅಂದ್ರ, ಕಾಕಿ "ನಮ್ಮಲ್ಲಿನ್ನೂ ಬಂದಿಲ್ರಿ ಭಾವಾ, ಬೋರ್ ಚಾಲೂ ಮಾಡೋದದ" ಅಂದಿದ್ರಂತ. ಭಾವನವ್ರು ಇನ್ನೂ ಆ ಮಾತು ಬಿಟ್ಟಿಲ್ಲ. ಹಬ್ಬಕ್ಕೊಮ್ಮಿ ನೆಂಟರ ಮುಂದ ತೆಗೀತಾರ.

ಇಂಗ್ಲಿಷ್‌ನವ್ರಿಗೂ ಈ 'ಲೈನ್' ಹೊರಗಿಂದ ಬಂದ ಮಾತೇ. ಲ್ಯಾಟಿನ್‌ನಾಗ 'ಲೀನಿಯಾ' ಅಂದ್ರ ಅಗಸಿ ನಾರಿನ ದಾರ. ಲಿನನ್ ಬಟ್ಟಿನೂ ಅದೇ ಮನೆತನದ್ದು. ಜಗ್ಗಿ ಕಟ್ಟಿದ ದಾರ ಗೆರಿ ಆಯ್ತು, ಗೆರಿ ಹಳಿ ಆಯ್ತು, ತಂತಿ ಆಯ್ತು. ಇಷ್ಟು ಹೇಳೂದ್ರಾಗ ಕಾಕಿ ಒಳಗಿಂದ ಬಂದ್ರು.

"ಅಗಸಿ ಅಂದ್ರ ನಮ್ಮ ಅಗಸೀನಾ? ನಾವು ಹುರದು, ಖಾರ ಬಳ್ಳೊಳ್ಳಿ ಹಾಕಿ ಕುಟ್ಟಿ, ಜ್ವಾಳದ ರೊಟ್ಟಿಗಿ ಹಿಂಡಿ ಹಚ್ಕೊಂಡು ತಿಂತೀವಿ. ಅವ್ರು ಅದರಿಂದ ಗೆರಿ ಎಳದ್ರಾ!"

ಲೈನ್ ಅನಬ್ಯಾಡ್ರಿ, ಅಚ್ಚಗನ್ನಡ ಆಡ್ರಿ ಅನ್ನೋರ ಪೈಕಿ ನಾ ಅಲ್ಲ. ಕೇಳೂದು ಒಂದೇ. ನೀವು ಕಮಲಾಪುರಕ್ಕ ಹೋದಾಗ "ಇಲ್ಲಿ ಲೈನ್ ಎಲ್ಲದ?" ಅನ್ನೋ ಮೊದಲ, ತಂತೀದೋ ಹಳೀದೋ ಹೇಳ್ಬಿಡ್ರಿ. ಇಲ್ಲಂದ್ರ ರೈಲಿಗಿ ಹೋದವರಿಗಿ ಕರೆಂಟ್ ಕಂಬ ತೋರಸ್ತಾರ.