ಭಾವನ ಬೈಕಿಗೊಂದು ರಿವರ್ಸ್ ಗೇರು

ನಾನೂರು ಕೆ.ಜಿ. ಹತ್ತಿರ ತೂಗುವ ಬೈಕು ಓಡಿಸಲು ಎಂಟೆದೆ ಬೇಕೆಂದು ಜನ ನಂಬಿದ್ದಾರೆ. ಸುಳ್ಳು. ಮುಂದಕ್ಕೆ ಅದು ತಾನಾಗಿ ಹೋಗುತ್ತದೆ. ಮೇಲೆ ಕೂತವನು ಮುಖ ಬಿಗಿದುಕೊಂಡಿದ್ದರೆ ಆಯಿತು. ಗಂಡಸ್ತನದ ಪರೀಕ್ಷೆ ಇರುವುದು ಅದನ್ನು ಹತ್ತಡಿ ಹಿಂದಕ್ಕೆ ತರುವುದರಲ್ಲಿ.

ಅಮೆರಿಕದ ಒಹಾಯೊದಲ್ಲಿರುವ ನಮ್ಮ ಷಡ್ಡಕರು, ನಾನು ಭಾವ ಅಂತಲೇ ಕರೆಯುವುದು, ಮೈಸೂರಿನ ಕಾಲೇಜು ದಿನಗಳಲ್ಲಿ ಆ ಊರಿನ ಕಾರ್ಖಾನೆಯಲ್ಲೇ ಹುಟ್ಟಿದ ಯೆಜ್ಡಿ ಓಡಿಸಿದವರು. ಅದನ್ನು ಒಂದೇ ಕೈಯಲ್ಲಿ ಹಿಂದಕ್ಕೆಳೆದು ತಿರುಗಿಸುತ್ತಿದ್ದರಂತೆ. ಮಕ್ಕಳೆಲ್ಲ ಒಂದು ದಡ ಸೇರಿದ ಮೇಲೆ, ಅರವತ್ತರ ಅಂಚಿನಲ್ಲಿ, ಹಳೇ ಚಪಲ ಮತ್ತೆ ಹೆಡೆಯೆತ್ತಿ ಒಂದು ಭಾರಿ ಟೂರಿಂಗ್ ಬೈಕು ಕೊಂಡರು. ಮುಂದೆ ಗಾಳಿ ತಡೆಯುವ ಗಾಜು, ಎರಡೂ ಪಕ್ಕ ಪೆಟ್ಟಿಗೆ, ಅತ್ತಿಗೆ ಒರಗಿ ಕೂರಲು ಸೀಟು, ರಾಜಕುಮಾರ್ ಹಾಡು ಕೇಳಲು ಸ್ಪೀಕರು. ಇಲ್ಲದ್ದು ರಿವರ್ಸ್ ಒಂದೇ.

ಒಂದು ಭಾನುವಾರ ದೋಸೆ ತಿನ್ನಲು ಹೋದ ಹೋಟೆಲಿನ ಪಾರ್ಕಿಂಗು ಗೋಡೆಯ ಕಡೆಗೆ ಇಳಿಜಾರು. ಭಾವ ಗತ್ತಿನಿಂದ ಮೂತಿ ಒಳಗೆ ಮಾಡಿ ನಿಲ್ಲಿಸಿದರು. ಹೊರಡುವಾಗ ಫಿಸಿಕ್ಸ್ ಶುರುವಾಯಿತು. ಬರೀ ಐದು ಡಿಗ್ರಿ ಏರಿದ್ದರೂ, ಸವಾರನ ತೂಕ ಸೇರಿ, ಸುಮಾರು 40 ಕೆ.ಜಿ. ಎತ್ತುವಷ್ಟು ಬಲ ಹಾಕಿ ಹಿಂದಕ್ಕೆ ಒತ್ತಬೇಕು. ಅದೂ ಕೂತುಕೊಂಡು, ಕಾಲ್ಬೆರಳ ತುದಿಯಲ್ಲಿ. ಯಾವುದೋ ಕಾರಿನಿಂದ ಸೋರಿದ ಎಣ್ಣೆಯ ಮೇಲೆ ಅವರ ಬೂಟು ಜರ್ರೆಂದಿತು. ನಾಲ್ಕು ಬೆರಳು ಹಿಂದೆ, ಬ್ರೇಕು, ಉಸಿರು. ಮತ್ತೆ ಎರಡು ಬೆರಳು. ಅತ್ತಿಗೆ ಹೆಲ್ಮೆಟ್ ಹಿಡಿದು, ಈ ಮನುಷ್ಯನನ್ನು ಎಲ್ಲೂ ಕಂಡೇ ಇಲ್ಲವೆಂಬಂತೆ ಪಕ್ಕದ ಅಂಗಡಿಯ ಬೋರ್ಡು ಓದುತ್ತಿದ್ದರು.

ನಮ್ಮಲ್ಲಾಗಿದ್ದರೆ ಈ ಗತಿ ಬರುತ್ತಲೇ ಇರಲಿಲ್ಲ. "ಬಿಡಿ ಸಾರ್, ನಾನ್ ಎಳೀತೀನಿ" ಅಂತ ಟೀ ಅಂಗಡಿ ಹುಡುಗ ಓಡಿ ಬರುತ್ತಿದ್ದ. ಹಿಂದೆ ನಿಂತು "ಬರ್ಲಿ ಬರ್ಲಿ, ಲೆಫ್ಟು, ಲೆಫ್ಟು" ಅನ್ನುವವನೊಬ್ಬ ಪುಕ್ಕಟೆ. (ಡಬ್ ಎಂದ ಮೇಲಷ್ಟೇ ಅವನು "ಸಾಕು" ಅನ್ನುವುದು, ಆ ಮಾತು ಬೇರೆ.) ಒಹಾಯೊದಲ್ಲಿ ಎಲ್ಲರೂ ನಗುತ್ತಾ "ಗುಡ್ ಮಾರ್ನಿಂಗ್" ಹೇಳಿ ಕಾರು ಹತ್ತಿದರು.

ತಮಾಷೆಯೆಂದರೆ, ಇದಕ್ಕೆ ಮದ್ದು ತಯಾರಾಗುತ್ತಿದ್ದದ್ದು ಭಾವನ ಮನೆಯ ಹತ್ತಿರದಲ್ಲೇ. ಕೊಲಂಬಸ್ ಪಕ್ಕದ ಮೇರಿಸ್‌ವಿಲ್‌ನಲ್ಲಿ ಹೋಂಡಾದವರು 2009ರವರೆಗೂ ಗೋಲ್ಡ್ ವಿಂಗ್ ಎಂಬ ಭಾರಿ ಬೈಕು ಕಟ್ಟುತ್ತಿದ್ದರು. 1988ರ ಮಾಡೆಲಿನಲ್ಲಿ, ಆರು ಸಿಲಿಂಡರಿನ 1520 ಸಿ.ಸಿ. ಎಂಜಿನ್ ಜೊತೆಗೆ ರಿವರ್ಸನ್ನೂ ಕೊಟ್ಟರು. ಬೆಳಿಗ್ಗೆ ಎಂಜಿನ್ ಎಬ್ಬಿಸಿ ಆಮೇಲೆ ದಿನವೆಲ್ಲ ದಂಡಪಿಂಡದಂತೆ ಕೂತಿರುವ ಸ್ಟಾರ್ಟರ್ ಮೋಟರಿಗೇ ಹಿಂದಕ್ಕೆಳೆಯುವ ಕೆಲಸ ಹಚ್ಚಿದರು. ನ್ಯೂಟ್ರಲ್‌ಗೆ ತಂದು, ಲಿವರ್ ಎಳೆದು, ಸ್ಟಾರ್ಟ್ ಬಟನ್ ಒತ್ತಿದರೆ ಮುಗಿಯಿತು. ಇಂಥ ಉಪಾಯ ಹೊಳೆದವನಿಗೆ ನಾನು ಯಾವ ಪ್ರಶಸ್ತಿ ಬೇಕಾದರೂ ಕೊಟ್ಟೇನು. 2018ರ ಗೋಲ್ಡ್ ವಿಂಗ್ ಹಿಂದಕ್ಕೆ ಹೋಗುವ ವೇಗ ಗಂಟೆಗೆ 1.2 ಕಿ.ಮೀ.; ನಮ್ಮ ಮದುವೆ ದಿಬ್ಬಣ ಅದನ್ನು ಆರಾಮಾಗಿ ಹಿಂದೆ ಹಾಕೀತು.

ಆದರೆ ರಿವರ್ಸ್ ಇಲ್ಲದ ಬೈಕಿಗೆ ಅದನ್ನು ಹಾಕಿಸುವುದೇನು ಹುಡುಗಾಟವೇ? ಭಾವನದು ಎರಡು ಸಿಲಿಂಡರಿನ ದೊಡ್ಡ ವಿ-ಟ್ವಿನ್. ಅದಕ್ಕೆ ಮುಂದಕ್ಕೆ ಆರು, ಹಿಂದಕ್ಕೆ ಒಂದು ಗೇರಿರುವ ಬೇರೆಯದೇ ಗೇರ್‌ಬಾಕ್ಸ್ ಸಿಗುತ್ತದೆ. ಚಕ್ರ ಉಲ್ಟಾ ತಿರುಗಬೇಕಾದರೆ ಎರಡು ಹಲ್ಲುಚಕ್ರಗಳ ನಡುವೆ ಮೂರನೆಯದೊಂದನ್ನು ತೂರಿಸಬೇಕು; ನೂರರ ಸ್ಪೀಡಿನಲ್ಲಿ ಅಪ್ಪಿತಪ್ಪಿಯೂ ರಿವರ್ಸ್ ಬೀಳದಂತೆ ತಡೆ ಇರಬೇಕು. ಮೆಕ್ಯಾನಿಕ್ ಸಾವಿರಾರು ಡಾಲರಿನ ಲೆಕ್ಕ ಹೇಳಿದ. ಅತ್ತಿಗೆ, "ಅಷ್ಟು ದುಡ್ಡು ನನಗೆ ಕೊಡಿ, ನಾನೇ ಎಳೀತೀನಿ" ಅಂದರು.

ಭಾವ ಹಾಕಿಸಿಯೇಬಿಟ್ಟರು. ಈಗಿನ ಕಷ್ಟವೆಂದರೆ, ನೇರವಾಗಿ ಹೊರಡಬಹುದಾದ ಜಾಗ ಖಾಲಿಯಿದ್ದರೂ ಮೂತಿ ಒಳಗೆ ಮಾಡಿಯೇ ನಿಲ್ಲಿಸುತ್ತಾರೆ. ನೋಡುವವರು ನಾಲ್ಕು ಜನ ಸೇರಿದ ಮೇಲೆ, ಎರಡೂ ಕಾಲು ನೆಲಕ್ಕೆ ತಾಗಿಸಿ, ಕ್ಲಚ್ಚನ್ನು ಅರ್ಧ ಬಿಟ್ಟು, ಗಾಂಭೀರ್ಯದಿಂದ ಹಿಂದಕ್ಕೆ ಸರಿಯುತ್ತಾರೆ. ಮುಂದಕ್ಕೆ ಓಡಿಸಿದ್ದರ ಬಗ್ಗೆ ಅವರು ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾರೆ.

ಇತ್ತ ಬೆಂಗಳೂರಿನ ಏಥರ್ 450 ಸ್ಕೂಟರಿಗೆ 2018ರಲ್ಲೇ ರಿವರ್ಸ್ ಬಂತು. ವಿದ್ಯುತ್ ಮೋಟರನ್ನು ಉಲ್ಟಾ ತಿರುಗಿಸಲು ಹೊಸ ಗೇರೇ ಬೇಡವಲ್ಲ! ನೂರಿಪ್ಪತ್ತು ಕೆ.ಜಿ.ಯೊಳಗಿನ ಗಾಡಿ, ಕಾಲಲ್ಲಿ ಒತ್ತಿದರೂ ಹಿಂದೆ ಬರುವಂಥದ್ದು. ದೇವರು ಕಡಲೆ ಕೊಡುವ ಕ್ರಮ ಎಲ್ಲ ಕಡೆಯೂ ಒಂದೇ. ನಮ್ಮೂರುಗಳಲ್ಲಿ ಪಕ್ಕದ ಚಕ್ರ ಕಟ್ಟಿಸಿಕೊಂಡ ಅಂಗವಿಕಲರ ಸ್ಕೂಟರಿಗೂ ರಿವರ್ಸ್ ಗೇರು ಕೂರಿಸುವುದುಂಟು. ಅಲ್ಲಿ ಅದು ಶೋಕಿಯಲ್ಲ, ಬದುಕು. ಅವರನ್ನು ಬಿಟ್ಟರೆ, ಮಂಡಿ ನೋವಿರುವ ಭಾರಿ ಬೈಕಿನವರು ನಾಚಿಕೆ ಬಿಟ್ಟು ಹಾಕಿಸಿಕೊಳ್ಳಬಹುದು ಎಂಬುದು ನನ್ನ ತೀರ್ಪು.

ಅವರೆಲ್ಲ ಹಾಕಿಸಿಕೊಳ್ಳುವವರೆಗೆ, ಯಾರಾದರೂ ಇಳಿಜಾರಿನಲ್ಲಿ ದೊಡ್ಡ ಬೈಕಿನ ಜೊತೆ ಒದ್ದಾಡುವುದು ಕಂಡರೆ, ಒಂದು ಮಾತು ಕೇಳಿ, ಹಿಂದಿನ ಕಂಬಿ ಹಿಡಿದು ನೆಟ್ಟಗೆ ಎಳೆಯಿರಿ. ಹ್ಯಾಂಡಲ್ ಮಾತ್ರ ಮುಟ್ಟಬೇಡಿ. ವಾಲಿದರೆ ಬೀಳುವುದು ನಿಮ್ಮ ಕಾಲಿನ ಮೇಲೆ.