ಬಿಟ್ಟಿ ಟಿಕೇಟಿನ ಬೆವರು

ಹೋಟೆಲಿನಲ್ಲಿ ಬಿಲ್ಲು ಬರುವ ಹೊತ್ತಿಗೆ ಸರಿಯಾಗಿ ಕೈ ತೊಳೆಯಲು ಎದ್ದು ಹೋಗುವವರನ್ನು ನೀವು ನೋಡಿರುತ್ತೀರಿ. ಫೋನು ಬಂತೆಂದು ಹೊರಗೆ ಜಾರುವವರು, ಜೇಬು ತಡಕುತ್ತಾ ‘ನಾನು ಕೊಡ್ತೀನಿ, ನಾನು ಕೊಡ್ತೀನಿ’ ಎನ್ನುತ್ತಲೇ ಕೊಡದೆ ಉಳಿಯುವವರು, ಇವರೆಲ್ಲ ಹಳೆಯ ಕಾಲದ ಜನ. ಈಗೊಂದು ಹೊಸ ತಳಿ ಬಂದಿದೆ. ಮಾಣಿ ಬಿಲ್ಲು ತರುವುದು ಕಂಡರೆ ಸಾಕು, ಇವರು ಎದ್ದು ಹೋಗಿ ಅರ್ಧ ದಾರಿಯಲ್ಲೇ ಅವನನ್ನು ಅಡ್ಡಗಟ್ಟುತ್ತಾರೆ. ಇಡೀ ಬಳಗ ಉಂಡಿರಲಿ, ಪಕ್ಕದ ಮೇಜಿನವರು ಬಿಟ್ಟರೆ ಅವರದ್ದೂ ಸೇರಿಸಿ ಕಟ್ಟಲು ತಯಾರು.

ನನ್ನ ಷಡ್ಡಕರು ಈ ತಳಿಯವರು. ಮೊದಲ ಸಲ ಕಂಡವರು ‘ಎಂಥ ಧಾರಾಳಿ ಮನುಷ್ಯ!’ ಎಂದು ಬೆರಗಾಗುತ್ತಾರೆ. ಬೆರಗು ಬೀಡಾ ಅಗಿದು ಮುಗಿಯುವ ತನಕ ಇರುತ್ತದೆ. ಅಷ್ಟರಲ್ಲಿ ಎಲ್ಲರ ವಾಟ್ಸಾಪಿಗೂ ಲೆಕ್ಕ ಬಂದು ಬೀಳುತ್ತದೆ: ‘ತಲೆಗೆ 412 ರೂಪಾಯಿ. ಈ ನಂಬರಿಗೆ ಕಳಿಸಿ.’ ಊಟದ ದುಡ್ಡು ನಮ್ಮದು, ಕಾರ್ಡಿನ ಪಾಯಿಂಟು ಅವರದು.

ಬಳಗದಲ್ಲಿ ಯಾರದೇ ಮದುವೆ ಗೊತ್ತಾದರೂ ಹೆಣ್ಣಿನ ತಂದೆಗಿಂತ ಹೆಚ್ಚು ಓಡಾಡುವವರು ಇವರೇ. ಛತ್ರದ ಮುಂಗಡ, ರೇಷ್ಮೆ ಸೀರೆ, ಮಾಂಗಲ್ಯದ ಸರ, ‘ಎಲ್ಲಾ ನನ್ನ ಕಾರ್ಡಲ್ಲೇ ಮುಗಿಸಿಬಿಡೋಣ, ನೀವು ನಿಧಾನಕ್ಕೆ ಕೊಟ್ಟರಾಯಿತು’ ಎನ್ನುತ್ತಾರೆ. ಇಷ್ಟು ಉಪಕಾರ ಮಾಡುವ ಮನುಷ್ಯ ಸೋತದ್ದು ಅಡುಗೆ ಭಟ್ಟರ ಮುಂದೆ ಮಾತ್ರ. ‘ಸ್ವಾಮಿ, ನನ್ನ ಹತ್ರ ಉಜ್ಜೋ ಮಿಷನ್ನಿಲ್ಲ, ಇರೋದು ಸೌಟು. ನೋಟು ಎಣಿಸಿ’ ಎಂದುಬಿಟ್ಟರು ಭಟ್ಟರು. ಆ ಮದುವೆಯ ಹೋಳಿಗೆ ಷಡ್ಡಕರಿಗೆ ರುಚಿಸಲಿಲ್ಲ.

ಅವರ ಪರ್ಸು ಬಿಚ್ಚಿದರೆ ಇನ್ಫಿನಿಯಾ, ರೆಗಾಲಿಯಾ, ಮ್ಯಾಗ್ನಸ್, ಅಟ್ಲಾಸ್ ಎಂದು ಸಾಲಾಗಿ ಕೂತಿರುತ್ತವೆ. ಬ್ಯಾಂಕಿನವರು ಸಾಲ ಕೊಡುವ ರಟ್ಟಿನ ತುಂಡಿಗೆ ಚಕ್ರವರ್ತಿಗಳ ಹೆಸರಿಡುವುದರಲ್ಲಿ ಜಾಣರು. ಯಾವ ಖರ್ಚಿಗೆ ಯಾವ ಚಕ್ರವರ್ತಿ ಎಂಬ ಪಟ್ಟಿ ಅವರ ಮನೆಯ ಫ್ರಿಜ್ಜಿನ ಮೇಲೆ ಅಂಟಿದೆ. ದಿನಸಿಗೆ ಇದು, ವಿಮೆಯ ಕಂತಿಗೆ ಅದು, ಕರೆಂಟು ಬಿಲ್ಲಿಗೆ ತಿಂಗಳ ಮಿತಿ ದಾಟುವವರೆಗೆ ಇನ್ನೊಂದು, ಪೆಟ್ರೋಲಿಗೆ ಪಾಯಿಂಟು ಬರುವುದೇ ಇಲ್ಲವಾದ್ದರಿಂದ ಆದಷ್ಟೂ ನಡೆದೇ ಹೋಗತಕ್ಕದ್ದು. ‘ಭಾವ, ಕೊತ್ತಂಬರಿ ಸೊಪ್ಪು ತರಕ್ಕೆ ಹೋದ್ರೂ ಇವರಿಗೆ ಫೋನ್ ಮಾಡಿ ಯಾವ ಕಾರ್ಡು ಅಂತ ಕೇಳ್ಬೇಕು’ ಎಂದು ನಾದಿನಿ ಗೋಳಾಡುತ್ತಾಳೆ. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದೆಂದು ಆದ ಮೇಲಂತೂ ಎಳನೀರಿನವನಿಗೂ ಬಿಡುವಿಲ್ಲ. ಈ ಜೋಡಣೆ ನಡೆಯುವುದು ವ್ಯಾಪಾರಿ ಖಾತೆಯ ಕ್ಯೂಆರ್ ಕೋಡಿಗೆ ಮಾತ್ರ, ಸ್ವಂತ ಖಾತೆಯದಕ್ಕಲ್ಲ. ಆದ್ದರಿಂದ ಷಡ್ಡಕರು ಎಳನೀರು ಗಂಜಿಯೋ ನೀರೋ ಎಂದು ಕೇಳುವ ಮೊದಲು ಕೋಡು ಅಂಗಡಿಯದ್ದೋ ಸ್ವಂತದ್ದೋ ಎಂದು ವಿಚಾರಿಸುತ್ತಾರೆ. ಸ್ವಂತದ್ದಾದರೆ ಬಾಯಾರಿಕೆ ತಡೆದುಕೊಂಡು ಮುಂದಿನ ಗಾಡಿಗೆ ನಡೆಯುತ್ತಾರೆ.

ಹೀಗೆ ಪಾಯಿಂಟು ಕೂಡಿಸಿ ಬಿಟ್ಟಿ ವಿಮಾನ ಹತ್ತುವ ಹುಚ್ಚಿನ ಮೂಲ ಅಮೆರಿಕದಲ್ಲಿದೆ. 1978ರಲ್ಲಿ ಅಲ್ಲಿನ ಸರ್ಕಾರ ವಿಮಾನ ಕಂಪನಿಗಳ ಮೇಲಿನ ಹಿಡಿತ ಸಡಿಲಿಸಿತು. ಎಲ್ಲರೂ ಎಲ್ಲ ಕಡೆಗೂ ಹಾರತೊಡಗಿ, ಗಿರಾಕಿಯನ್ನು ಕಟ್ಟಿಹಾಕುವುದು ಹೇಗೆಂಬ ಚಿಂತೆ ಹತ್ತಿತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಅಡ್ವಾಂಟೇಜ್’ ಎಂಬ ಯೋಜನೆ ತಂದಿತು. ಹಾರಿದಷ್ಟು ಮೈಲು ಬರೆದಿಟ್ಟುಕೊಳ್ಳಿ, ಸಾಕಷ್ಟು ಕೂಡಿದರೆ ಒಂದು ಟಿಕೇಟು ಪುಕ್ಕಟೆ. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಅದೇ ಹಾದಿ ಹಿಡಿಯಿತು. ಹೇಗಿದ್ದರೂ ಖಾಲಿ ಹೋಗುವ ಸೀಟು, ಅದರಲ್ಲೊಬ್ಬರನ್ನು ಕೂರಿಸಿದರೆ ಕಳೆದುಕೊಳ್ಳುವುದೇನು ಎಂಬ ಲೆಕ್ಕ ಅವರದು. 1987ರಲ್ಲಿ ಸಿಟಿ ಬ್ಯಾಂಕು ಇದೇ ಅಡ್ವಾಂಟೇಜಿನ ಜೊತೆ ಕ್ರೆಡಿಟ್ ಕಾರ್ಡನ್ನೂ ಗಂಟು ಹಾಕಿತು. ಅಂದಿನಿಂದ ಮೈಲು ಗಳಿಸಲು ವಿಮಾನ ಹತ್ತುವ ಅಗತ್ಯವೇ ಬೀಳಲಿಲ್ಲ. ಕೂತಲ್ಲೇ ಸೋಪು ಕೊಂಡರೂ ಮೈಲು, ಸೋಫಾ ಕೊಂಡರೂ ಮೈಲು.

ಈ ಪಂಥಕ್ಕೆ ಅದರದೇ ಮಹಾಪುರುಷರಿದ್ದಾರೆ. ಷಡ್ಡಕರ ಮನೆಯಲ್ಲಿ ದೇವರ ಪಟದ ಪಕ್ಕದಲ್ಲಿ ಜಾಗವಿದ್ದರೆ ಡೇವಿಡ್ ಫಿಲಿಪ್ಸ್ ಎಂಬ ಕ್ಯಾಲಿಫೋರ್ನಿಯಾದ ಎಂಜಿನಿಯರರ ಫೋಟೋ ಹಾಕುತ್ತಿದ್ದರೇನೋ. 1999ರಲ್ಲಿ ಒಂದು ತಿಂಡಿ ಕಂಪನಿ, ತನ್ನ ಡಬ್ಬಗಳ ಬಾರ್‌ಕೋಡು ಕತ್ತರಿಸಿ ಕಳಿಸಿದವರಿಗೆ ಮೈಲು ಕೊಡುವುದಾಗಿ ಸಾರಿತು. ಆ ಕಂಪನಿಯ ಮಾಲಿನಲ್ಲಿ ಎಲ್ಲಕ್ಕಿಂತ ಅಗ್ಗದ್ದು ಕಾಲು ಡಾಲರಿನ ಪುಡಿಂಗ್ ಕಪ್ಪು ಎಂದು ಫಿಲಿಪ್ಸ್ ಪತ್ತೆ ಹಚ್ಚಿದರು. ಸುಮಾರು 3,140 ಡಾಲರು ಸುರಿದು 12,150 ಕಪ್ಪು ಕೊಂಡರು. ಅಷ್ಟು ಚೀಟಿ ಕೀಳುವವರು ಯಾರು? ಪುಡಿಂಗನ್ನೆಲ್ಲ ಸಾಲ್ವೇಶನ್ ಆರ್ಮಿಗೆ ದಾನ ಕೊಟ್ಟು, ಅಲ್ಲಿನ ಸ್ವಯಂಸೇವಕರ ಕೈಯಲ್ಲೇ ಚೀಟಿ ಕೀಳಿಸಿದರು. ಬಂದ ಮೈಲು ಹನ್ನೆರಡು ಲಕ್ಷಕ್ಕೂ ಮಿಕ್ಕು. ಮೇಲಾಗಿ, ದಾನ ಮಾಡಿದ್ದಕ್ಕೆ ತೆರಿಗೆಯಲ್ಲೂ ರಿಯಾಯಿತಿ! ಈ ಭಾಗ ಹೇಳುವಾಗ ಷಡ್ಡಕರ ಗಂಟಲು ಕಟ್ಟುತ್ತದೆ.

ಅಮೆರಿಕದ ಟಂಕಸಾಲೆಗೂ ಈ ಜನ ನೀರು ಕುಡಿಸಿದ್ದಾರೆ. ಒಂದು ಡಾಲರಿನ ನಾಣ್ಯವನ್ನು ಜನ ಬಳಸಲಿ ಎಂದು 2008ರಲ್ಲಿ ಟಂಕಸಾಲೆ ಅದನ್ನು ಮುಖಬೆಲೆಗೇ, ಸಾಗಣೆ ಖರ್ಚಿಲ್ಲದೆ, ಮನೆ ಬಾಗಿಲಿಗೆ ಕಳಿಸತೊಡಗಿತು. ಕಾರ್ಡಿನಲ್ಲೂ ಕೊಳ್ಳಬಹುದಿತ್ತು. ಪಾಯಿಂಟಿನವರು ಪೆಟ್ಟಿಗೆಗಟ್ಟಲೆ ತರಿಸಿ, ಸೀಲೂ ಒಡೆಯದೆ ನೇರ ಬ್ಯಾಂಕಿಗೆ ಹೊತ್ತು ಹಾಕಿ, ಅದೇ ದುಡ್ಡಿನಲ್ಲಿ ಕಾರ್ಡಿನ ಬಾಕಿ ತೀರಿಸಿದರು. ಬೆನ್ನು ನೋವು ಬಿಟ್ಟರೆ ಖರ್ಚಿಲ್ಲ, ಮೈಲು ಮಾತ್ರ ಲಾಭ. ಚಲಾವಣೆಗೆ ಬಿಟ್ಟ ನಾಣ್ಯ ಹೀಗೆ ಬ್ಯಾಂಕಿಗೇ ವಾಪಸು ಬರುವುದನ್ನು ನೋಡಿ ನೋಡಿ, 2011ರಲ್ಲಿ ಟಂಕಸಾಲೆಯವರು ಕಾರ್ಡಿಗೆ ನಾಣ್ಯ ಕೊಡುವುದನ್ನೇ ನಿಲ್ಲಿಸಿದರು.

‘ಇದೆಲ್ಲ ಬಿಟ್ಟಿ ಹೇಗೆ ಬರುತ್ತೆ? ಯಾರಾದರೂ ಕೊಡಲೇಬೇಕಲ್ಲ?’ ಎಂದು ನಾನು ಕೇಳುವುದುಂಟು. ‘ಬ್ಯಾಂಕು ಕೊಡುತ್ತೆ’ ಎನ್ನುತ್ತಾರೆ ಅವರು, ಬ್ಯಾಂಕೆಂದರೆ ತಮ್ಮ ಸೋದರಮಾವನ ಮನೆ ಎಂಬ ಧಾಟಿಯಲ್ಲಿ. ನೂರು ರೂಪಾಯಿ ಉಜ್ಜಿದರೆ ಅಂಗಡಿಯವನ ಕೈಗೆ ಸೇರುವುದು ಸುಮಾರು 98. ಆ ಎರಡನ್ನು ಅವನು ಬೇಳೆಯ ಬೆಲೆಯಲ್ಲಿ ಸೇರಿಸಿಕೊಳ್ಳುತ್ತಾನೆ, ನೋಟು ಕೊಡುವ ನಾನೂ ತೆರುತ್ತೇನೆ. ಬಾಕಿಯನ್ನು ಗಡುವಿನೊಳಗೆ ಪೂರ್ತಿ ಕಟ್ಟದವನು ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸು ಬಡ್ಡಿ ತೆತ್ತು, ಷಡ್ಡಕರ ಸೀಟಿಗೆ ಮೆತ್ತೆ ಹೊಲಿಸಿಕೊಡುತ್ತಾನೆ. ಷಡ್ಡಕರು ಒಂದು ದಿನವೂ ಗಡುವು ತಪ್ಪಿಸಿದವರಲ್ಲ. ಅವರ ಮದುವೆಯ ವಾರ್ಷಿಕೋತ್ಸವ ಮರೆತೀತು, ಸ್ಟೇಟ್‌ಮೆಂಟಿನ ದಿನ ಮರೆಯದು.

ವಿಮಾನ ಕಂಪನಿಗಳಂತೂ ಪಾಯಿಂಟುಗಳನ್ನು ಬ್ಯಾಂಕಿಗೆ ಸಗಟಾಗಿ ಮಾರಿಕೊಂಡು ಚೆನ್ನಾಗಿಯೇ ಇವೆ. 2020ರಲ್ಲಿ ಕೊರೊನಾ ಬಂದು ವಿಮಾನಗಳೆಲ್ಲ ನಿಂತಾಗ ಯುನೈಟೆಡ್ ಕಂಪನಿ ಅಡವಿಟ್ಟದ್ದು ತನ್ನ ‘ಮೈಲೇಜ್‌ಪ್ಲಸ್’ ಯೋಜನೆಯನ್ನು. ಅದರ ಮೇಲೆ ಹುಟ್ಟಿದ ಸಾಲ 680 ಕೋಟಿ ಡಾಲರು. ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರು. ಅಂದಿನ ಷೇರು ಪೇಟೆಯಲ್ಲಿ ಇಡೀ ಕಂಪನಿಗೇ ಅಷ್ಟು ಬೆಲೆಯಿರಲಿಲ್ಲ. ಇದನ್ನು ಓದಿ ಹೇಳಿದಾಗ ಷಡ್ಡಕರು ತಮ್ಮ ಕುಲಕಸುಬಿಗೆ ಮನ್ನಣೆ ಸಿಕ್ಕಿತೆಂದು ಹಿಗ್ಗಿದರು.

ಅವರಿಗೆ ಸಂಕಟಗಳೂ ಇಲ್ಲದಿಲ್ಲ. ನಮ್ಮ ದೇಶದಲ್ಲಿ ಮೈಲು ಕೂಡಿಡುವುದೆಂದರೆ ಕಂಪನಿಯ ಆಯುಸ್ಸಿನ ಮೇಲೂ ಕಣ್ಣಿಟ್ಟಿರಬೇಕು. ಬೆಂಗಳೂರಿನಲ್ಲೇ ಬೆಳೆದ ಕಿಂಗ್‌ಫಿಷರ್ 2012ರಲ್ಲಿ ನೆಲಕ್ಕಿಳಿದದ್ದು ಮತ್ತೆ ಏಳಲಿಲ್ಲ. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಆದರೆ ಅದರ ಪಾಯಿಂಟಿನ ಕಂಪನಿ ಬೇರೆಯೇ ಇದ್ದದ್ದರಿಂದ ‘ಇಂಟರ್‌ಮೈಲ್ಸ್’ ಎಂಬ ಹೊಸ ಹೆಸರಿಟ್ಟುಕೊಂಡು ಮುಂದುವರಿಯಿತು. ವಿಮಾನ ಸತ್ತಿತು, ಮೈಲು ಬದುಕಿತು! 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಲೀನವಾದ ದಿನ ಷಡ್ಡಕರು ಮಂಕಾಗಿ ಕೂತಿದ್ದರು. ಮನೆಯಲ್ಲೇನೋ ಸಾವು ನೋವು ಎಂದು ಹಾಲಿನವನು ಮೆಲ್ಲಗೆ ವಿಚಾರಿಸಿಕೊಂಡು ಹೋದನಂತೆ.

ಲೌಂಜಿನ ಮಾತು ಬರದಿದ್ದರೆ ಈ ಪುರಾಣ ಪೂರ್ತಿಯಾಗದು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲು 2022ರಲ್ಲಿ ಉದ್ಘಾಟನೆಯಾಯಿತು. ಬಿದಿರಿನ ಚಾವಣಿ, ತೂಗುವ ಗಿಡಬಳ್ಳಿ ಎಂದು ಜನ ಕತ್ತೆತ್ತಿ ನೋಡುತ್ತಾರೆ. ಷಡ್ಡಕರು ಕತ್ತೆತ್ತುವುದಿಲ್ಲ, ಲೌಂಜಿನ ಬಾಣದ ಗುರುತು ನೋಡುತ್ತಾ ನಡೆಯುತ್ತಾರೆ. ಅಲ್ಲಿ ಕೆಲವು ಕಾರ್ಡುಗಳಿಂದ 2 ರೂಪಾಯಿ ಉಜ್ಜಿದರೆ ಒಳಗೆ ಬೇಕಾದಷ್ಟು ತಿನ್ನಬಹುದು. ಇಂದಿರಾ ಕ್ಯಾಂಟೀನಿನಲ್ಲೇ ತಿಂಡಿಗೆ 5 ರೂಪಾಯಿ ಇರುವಾಗ ಈ ಅಗ್ಗ ಯಾರು ಬಿಟ್ಟಾರು? ಬೆಳಗಿನ ಜಾವದ ವಿಮಾನಕ್ಕೆ ಅವರು ನಡುರಾತ್ರಿಗೇ ಹೊರಡುತ್ತಾರೆ. ಬಾಗಿಲಲ್ಲಿ ಉದ್ದದ ಸಾಲು. ಎಲ್ಲರೂ ಇವರ ಪಂಥದವರೇ. ಯಾವ ಪ್ರಾಣಿಯೂ ಹಸಿಯದ ಹೊತ್ತಿನಲ್ಲಿ ಇಡ್ಲಿ, ಉಪ್ಪಿಟ್ಟು, ಕೇಸರಿಬಾತು, ಮೇಲೊಂದು ಪಾಸ್ತಾ ಇಳಿಸಿ, ವಿಮಾನದಲ್ಲಿ ಜೆಲೂಸಿಲ್ ಕೇಳುತ್ತಾರೆ. ಬ್ಯಾಂಕುಗಳೂ ಎಚ್ಚೆತ್ತು, ಮೂರು ತಿಂಗಳಲ್ಲಿ ಇಷ್ಟು ಸಾವಿರ ಖರ್ಚು ಮಾಡಿದ್ದರೆ ಮಾತ್ರ ಒಳಗೆ ಪ್ರವೇಶ ಎನ್ನತೊಡಗಿವೆ. ಹಾಗಾಗಿ ಮಾರ್ಚ್ ಕೊನೆಯ ವಾರ ಅವರ ಮನೆಗೆ ಬೇಡದ ಮಿಕ್ಸಿಯೊಂದು ಬರುತ್ತದೆ.

ಇಷ್ಟು ಪಾಡುಪಟ್ಟು ಹೋಗುವುದಾದರೂ ಎಲ್ಲಿಗೆ? ನಾದಿನಿಗೆ ಕಾಶಿ ನೋಡುವ ಆಸೆ.

‘ಕಾಶಿಗೆ ಪಾಯಿಂಟು ಸುರಿದರೆ ದಂಡ ಕಣೇ. ಪಾಯಿಂಟಿಗೆ ಐವತ್ತು ಪೈಸೆ ಗಿಟ್ಟಲ್ಲ. ಅದೇ ಬಿಸಿನೆಸ್ ಕ್ಲಾಸಲ್ಲಿ ಯುರೋಪಿಗೆ ಹಾಕಿದರೆ ಎರಡು ರೂಪಾಯಿ ಬೀಳುತ್ತೆ.’

‘ಸರಿ, ಹಾಗಾದ್ರೆ ಕಾಶಿಗೆ ದುಡ್ಡು ಕೊಟ್ಟೇ ಹೋಗೋಣ.’

‘ದುಡ್ಡು ಕೊಟ್ಟಾ?’ ಎಂದು ಅವರು ಕೇಳಿದ ಧ್ವನಿಗೆ ಪಕ್ಕದ ಮನೆಯ ನಾಯಿ ಎದ್ದಿತು.

ಕೊನೆಗೆ ಪ್ಯಾರಿಸ್ಸಿಗೆ ಹೋದರು, ಫೆಬ್ರವರಿಯ ಕೊರೆಯುವ ಚಳಿಯಲ್ಲಿ. ಯಾಕೆಂದರೆ ಮೈಲಿಗೆ ಸಿಗುವ ಸೀಟು ಇದ್ದದ್ದು ಆಗಲೇ. ಸೀಟು ಕಂಡ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಕಾರ್ಡಿನಿಂದ ವಿಮಾನದ ಖಾತೆಗೆ ಪಾಯಿಂಟು ದಾಟಿಸಬೇಕು; ದಾಟಿಸಿದ ಮೇಲೆ ಹಿಂದಕ್ಕೆ ತರುವಂತಿಲ್ಲ; ಅದು ತಲುಪುವಷ್ಟರಲ್ಲಿ ಸೀಟು ಇನ್ನೊಬ್ಬರ ಪಾಲಾಗಬಾರದು. ಎಲ್ಲ ಗೆದ್ದು ಟಿಕೇಟು ಕೈಗೆ ಬಂದಾಗ, ತೆರಿಗೆ ಮತ್ತು ಸರ್‌ಚಾರ್ಜು ಎಂದು ರೊಕ್ಕವನ್ನೇ ಕಟ್ಟಿಸಿಕೊಂಡರು. ಅದನ್ನೂ ಕಾರ್ಡಿನಲ್ಲೇ ಕಟ್ಟಿದರೆನ್ನಿ. ಬಂದ ಮೇಲೆ ನಮ್ಮನ್ನೆಲ್ಲ ಕೂರಿಸಿ ಫೋಟೋ ತೋರಿಸಿದರು: ಮಲಗುವ ಸೀಟು, ಬಿಚ್ಚಿದ ಸೀಟು, ಮಡಚಿದ ಸೀಟು, ಊಟದ ಪಟ್ಟಿ, ಬಿಸಿ ಟವಲು, ಕಾಲುಚೀಲ. ಐಫೆಲ್ ಗೋಪುರದ್ದೊಂದಿತ್ತು, ಅದೂ ಸೊಂಟದ ಮೇಲಕ್ಕೆ ಮಂಜು. ಅವರ ಪ್ರವಾಸ ವಿಮಾನದ ಗಾಲಿ ನೆಲ ಮುಟ್ಟಿದ ಕ್ಷಣಕ್ಕೇ ಮುಗಿದಿತ್ತು. ನಿಜ ಹೇಳಬೇಕೆಂದರೆ ಅದಕ್ಕೂ ಮುಂಚೆ, ಟಿಕೇಟು ಗಿಟ್ಟಿದ ರಾತ್ರಿಯೇ.

ಶಾಸ್ತ್ರದಲ್ಲಿ ಪುಣ್ಯಕ್ಕೆ ಹೇಳಿದ ನಿಯಮಗಳೆಲ್ಲ ಈ ಪಾಯಿಂಟಿಗೂ ಒಪ್ಪುತ್ತವೆ. ಕೂಡಿಟ್ಟಷ್ಟೂ ಸ್ವರ್ಗದಲ್ಲಿ ಗೋಲ್ಡು, ಪ್ಲಾಟಿನಮ್ಮು ಎಂದು ಮೇಲಿನ ಆಸನ. ತೀರಿತೋ ಮತ್ತೆ ಮರ್ತ್ಯಲೋಕದ ನಡುವಿನ ಸೀಟು. ಚಿತ್ರಗುಪ್ತ ಮಾತ್ರ ಮೂರು ವರ್ಷವಾಯಿತೆಂದು ಪುಣ್ಯವನ್ನು ಅಳಿಸಿದ್ದು ಕೇಳಿಲ್ಲ. ಸಿಂಗಪುರ ಏರ್‌ಲೈನ್ಸಿನ ಮೈಲಿಗೆ ಆ ಗಡುವುಂಟು. ನಾಳೆಯಿಂದ ವೈಕುಂಠಕ್ಕೆ ಎರಡರಷ್ಟು ಪುಣ್ಯ ಬೇಕೆಂದು ರಾತ್ರೋರಾತ್ರಿ ಇಮೇಲು ಕಳಿಸುವ ಅಭ್ಯಾಸವೂ ಅವನಿಗಿಲ್ಲ.

ಮೊನ್ನೆ ಷಡ್ಡಕರು ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳುತ್ತಿದ್ದರು. ಅತ್ತೆ ಆಗಷ್ಟೇ ಧರ್ಮಸ್ಥಳದಿಂದ ಬಂದಿದ್ದರು.

‘ನಂದೂ ಒಂದು ಕಾರ್ಡಿದೆ ಅಳಿಯಂದ್ರೇ’ ಎಂದು ಚೀಲದಿಂದ ಆಧಾರ್ ತೆಗೆದರು. ‘ಇದನ್ನ ತೋರಿಸಿದೆ, ಕಂಡಕ್ಟರು ಸೊನ್ನೆ ರೂಪಾಯಿ ಚೀಟಿ ಹರಿದ. ಕೆಂಪು ಬಸ್ಸು, ಕಿಟಕಿ ಪಕ್ಕದ ಸೀಟು. ದೇವಸ್ಥಾನದ ಅನ್ನಪೂರ್ಣದಲ್ಲಿ ಊಟ. ಅಲ್ಲಿ ಎರಡು ರೂಪಾಯೀನೂ ಉಜ್ಜಿಸಿಕೊಳ್ಳಲ್ಲ. ನಿಮ್ಮ ಕಾರ್ಡಿಗೆ ವರ್ಷಕ್ಕೆ ಎಷ್ಟು ಕಟ್ತೀರಿ?’

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನಿಂದ ಅತ್ತೆ ಹೋಗದ ಕ್ಷೇತ್ರವಿಲ್ಲ. ಷಡ್ಡಕರಿಗೆ ಇದು ಹೊಳೆದಿರಲೇ ಇಲ್ಲ. ಚೀಟಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಹಿಂದೆ ಮುಂದೆ ನೋಡಿದರು. ಬಸ್ಸಿನ ದರವನ್ನು ಸೊನ್ನೆ ಪಾಯಿಂಟಿನಿಂದ ಭಾಗಿಸಲು ಫೋನು ತೆಗೆದರು. ಫೋನು ಸೋತಿತು. ಅವರ ಮುಖದಲ್ಲಿ ನಾನು ಪುಡಿಂಗಿನ ಕಥೆ ಹೇಳುವಾಗಷ್ಟೇ ಕಂಡಿದ್ದ ಭಕ್ತಿ ಮೂಡಿತು.

‘ಅತ್ತೆ’ ಎಂದರು ಮೆತ್ತಗೆ, ‘ಇದರಲ್ಲಿ ಜೊತೆಗೆ ಬರೋ ಗಂಡಸಿಗೆ ಕಂಪ್ಯಾನಿಯನ್ ಟಿಕೇಟು ಏನಾದ್ರೂ ಉಂಟಾ?’